ಕೂಡಿ ಮಾಡುವ ಪ್ರಾರ್ಥನೆ

ಕ್ರೈಸ್ತರು ಆದಿತ್ಯವಾರ ತಪ್ಪದೆ ದೇವಾಲಯಕ್ಕೆ ಹೋಗುವುದನ್ನು ಕಂಡು, ಅದು ಅವರ ಆಚಾರವೆಂದು ನಾವು ಸುಮ್ಮನಾಗುವೆವು. ಆದರೆ ಅವರ ಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಒಂದು ಸಂದೇಹವು ತೋರದಿರದು. ಪ್ರಾರ್ಥಿಸುವವನು ಬೀದಿಯ ಮೂಲೆಯಲ್ಲಿ ನಿಂತು ಜನರಿಗೆ ಕಾಣಿಸಿಕೊಳ್ಳದೆ, ತನ್ನ ಕೋಣೆಯನ್ನು ಹೊಕ್ಕು, ಬಾಗಿಲನ್ನು ಮುಚ್ಚಿಕೊಂಡು ದೇವರನ್ನು ಬೇಡಬೇಕೆಂದು ಕ್ರಿಸ್ತನೇ ಬೋಧಿಸಿರುವನಷ್ಟೆ. ಹಾಗಾದರೆ ಈ ಗಂಟೆ, ಈ ಗಾಯನ, ಈ ಜನಸಂದಣಿ ಏತಕ್ಕೆ? ಏಕಾಂತದ ಸಾಧಕನನ್ನು ಗೌರವಿಸುತ್ತ ಬಂದಿರುವ ನಮಗೆ ಈ ಪ್ರಶ್ನೆಯು ಸಹಜವೇ ಸರಿ.

ಸಮಾಧಾನವು ಆ ಬೋಧೆಯ ಸಮೀಪದಲ್ಲಿಯೇ ದೊರೆಯುತ್ತದೆ. ಬಾಗಿಲು ಮುಚ್ಚಿರೆಂದ ಬೆನ್ನಿನಲ್ಲಿಯೇ ಕ್ರಿಸ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ‘ನನಗೆ’ ಎಂಬ ಮಾತಿಲ್ಲ. ಮೊದಲಿನಿಂದ ಕೊನೆಯವರೆಗೆ ‘ನಮ್ಮ’, ‘ನಮಗೆ’ ಎಂದೇ ಇದೆ. ಕೋಣೆಯಲ್ಲಿ ಒಬ್ಬನೇ ಇದ್ದಾಗಲೂ ಕ್ರೈಸ್ತನು ಬಹುವಚನದಲ್ಲಿ ಬೇಡುತ್ತಾನೆ.

ನಮ್ಮ ಕರಾವಳಿಯ ‘ಇಗರ್ಜಿ’ ಎಂಬ ಶಬ್ದವು ಪೋರ್ತುಗೀಸರ ಬಾಯಿಂದ ಬಂದುದು. ಅದರ ಮೂಲವು ‘ಎಕ್ಲೇಸಿಯ’ ಎಂಬ ಗ್ರೀಕ್ ಪದ. ಗ್ರೀಕ್ ಪಟ್ಟಣಗಳಲ್ಲಿ ಪೌರರು ನೆರೆಯುವ ಕೂಟಕ್ಕೆ ಆ ಹೆಸರಿತ್ತು. ಕನ್ನಡ ಬೈಬಲಿನವರು ಅದನ್ನು ‘ಸಭೆ’ ಎಂದು ತಿರುಗಿಸಿದುದು ಬಹು ಉಚಿತವಾಗಿದೆ. ಜನರು ಮೊದಲು, ಕಟ್ಟಡವು ಅನಂತರ. ಆದಿಯ ಕ್ರೈಸ್ತರು ಬಹುಕಾಲ ಮನೆಗಳಲ್ಲಿಯೇ ಕೂಡುತ್ತಿದ್ದರು.

ಕೂಡಿ ಏನು ಮಾಡುತ್ತಿದ್ದರು? ಕ್ರಿ. ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನನೆಂಬ ವಿದ್ವಾಂಸನು ಚಕ್ರವರ್ತಿಗೆ ಬರೆದ ವಿಜ್ಞಾಪನೆಯಲ್ಲಿ ಇದನ್ನು ವಿವರಿಸಿದ್ದಾನೆ. ಕ್ರಿಸ್ತನು ಪುನರುತ್ಥಾನ ಹೊಂದಿದ ದಿನವಾದುದರಿಂದ ಅವರು ಆದಿತ್ಯವಾರ ಸೇರುವರು, ಶಾಸ್ತ್ರವಾಚನವಾಗುವುದು, ಅಧ್ಯಕ್ಷನು ಬೋಧಿಸುವನು, ಎಲ್ಲರೂ ಎದ್ದು ನಿಂತು ಪ್ರಾರ್ಥಿಸಿ, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವರು. ಬಾರದಿದ್ದವರ ಪಾಲನ್ನು ಅವರಿದ್ದಲ್ಲಿಗೆ ಒಯ್ದು ಕೊಡುವರು. ಉಳ್ಳವರು ಮನಸ್ಸಿದ್ದಷ್ಟು ಕೊಟ್ಟ ಹಣದಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಸ್ಥಳದವರು ಇವರ ಪೋಷಣೆಯು ನಡೆಯುವುದು. ಸೆರೆಮನೆಯಲ್ಲಿದ್ದವನಿಗೆ ಆ ದಿನ ಬಂದ ರೊಟ್ಟಿಯ ತುಣುಕಿನ ಬೆಲೆಯೆಷ್ಟೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಇಷ್ಟನ್ನು ಬಾಗಿಲು ಮುಚ್ಚಿಕೊಂಡು ಒಬ್ಬನೇ ಮಾಡುವುದೆಂತು?

ಹಾಗೆಂದು ಕೂಡಿದವರೆಲ್ಲ ಒಂದಾದರೆಂದು ತಿಳಿಯಲಾಗದು. ಕೊರಿಂಥ ಪಟ್ಟಣದ ಸಭೆಯಲ್ಲಿ ಸಿರಿವಂತರು ಮುಂಚೆ ಉಂಡು ಅಮಲೇರಿರಲು, ಬಡವರು ಹಸಿದು ಕುಳಿತಿದ್ದರು. ಪೌಲನು ಅವರನ್ನು ಕಠಿಣವಾಗಿಯೇ ಗದರಿಸಿ ಪತ್ರ ಬರೆದನು. ನಮ್ಮ ದೇಶದಲ್ಲಿ ಜಾತಿಯೂ ದೇವಾಲಯದೊಳಕ್ಕೆ ನುಗ್ಗಿತು. ತಮಿಳುನಾಡಿನ ವಡಕ್ಕನ್‌ಕುಳದಲ್ಲಿ ಜಾತಿಗಳನ್ನು ಪ್ರತ್ಯೇಕಿಸಿದ್ದ ಗೋಡೆಯು 1910ರಲ್ಲಿ ಬಿದ್ದಿತು. ಗೋಡೆ ಬಿದ್ದ ಮಾತ್ರಕ್ಕೆ ಮನಸ್ಸು ಕೂಡಿತೆಂದು ಹೇಳುವಷ್ಟು ಧೈರ್ಯ ನಮಗಿಲ್ಲ. ಆದರೂ ದೂರವಿದ್ದು ಪ್ರೀತಿಸುವುದು ಸುಲಭ. ಒಂದೇ ಪಾತ್ರೆಯಿಂದ ಕುಡಿಯಬೇಕಾದಾಗ ಅಂತರಂಗದ ಮೇಲುಕೀಳುಗಳು ಬಯಲಾಗುತ್ತವೆ. ಸಹವಾಸದ ಪ್ರಯೋಜನಗಳಲ್ಲಿ ಇದೂ ಒಂದೆಂಬುದು ನಮ್ಮ ಅಭಿಪ್ರಾಯ.

ಈ ಕೂಟಕ್ಕಾಗಿ ಪ್ರಾಣವನ್ನೇ ಒತ್ತೆಯಿಟ್ಟವರೂ ಉಂಟು. 303ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯು ಕ್ರೈಸ್ತರ ಕೂಟಗಳನ್ನು ನಿಷೇಧಿಸಿದನು. ಮರುವರ್ಷ ಉತ್ತರ ಆಫ್ರಿಕದ ಅಬಿತೀನದಲ್ಲಿ, ಒಂದು ಮನೆಯಲ್ಲಿ ಸೇರಿ ಆರಾಧಿಸುತ್ತಿದ್ದ 49 ಜನರನ್ನು ಹಿಡಿದು ಕಾರ್ಥೇಜಿಗೆ ಒಯ್ದರು. ಅಪ್ಪಣೆಯನ್ನು ಮೀರಿ ಇವರನ್ನು ಏಕೆ ಸೇರಿಸಿದೆಯೆಂದು ಅಧಿಕಾರಿಯು ಎಮೆರಿಟಸ್ಸನನ್ನು ಕೇಳಲು, ಅವರು ತನ್ನ ಸಹೋದರರು, ತಡೆಯಲಾಗಲಿಲ್ಲ, ಆ ಕೂಟವಿಲ್ಲದೆ ತಾವು ಇರಲಾರೆವು ಎಂಬ ಅಭಿಪ್ರಾಯದ ಉತ್ತರವನ್ನು ಕೊಟ್ಟನಂತೆ. ಮನೆಯಲ್ಲಿ ಮೌನವಾಗಿ ಪ್ರಾರ್ಥಿಸಿಕೊಂಡಿದ್ದರೆ ಅವರೆಲ್ಲ ಬದುಕಬಹುದಾಗಿತ್ತು.

ನಮ್ಮ ನಾಡಿನ ನಿದರ್ಶನವೂ ಇದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರಲ್ಲಿ ಅನೇಕರಿಗೆ ಮನೆ, ಬಂಧುಬಳಗ, ಕುಲಕಸುಬು ಎಲ್ಲವೂ ತಪ್ಪಿಹೋಗಲು, ಸಭೆಯೇ ಅವರಿಗೆ ನೆಂಟಸ್ತಿಕೆಯಾಯಿತು. ನೇಯ್ಗೆಯೂ, 1865ರಲ್ಲಿ ತೊಡಗಿದ ಹಂಚಿನ ಕಾರ್ಖಾನೆಯೂ ಅವರಿಗೆ ಅನ್ನದ ದಾರಿಯನ್ನು ತೋರಿದುವು. ಅದೇ ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಇಗರ್ಜಿಯಲ್ಲಿ ಮಂತ್ರಿಸಿ ತಂದು, ಮನೆಮಂದಿಯೆಲ್ಲ ಕೂಡಿ ಹೊಸತು ಉಣ್ಣುತ್ತಾರೆ. ಪರದೇಶದಲ್ಲಿರುವ ಮಕ್ಕಳಿಗೆ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ವಾಡಿಕೆಯೂ ಉಂಟು.

2020ರಲ್ಲಿ ಕೋವಿಡ್ ರೋಗದ ಭಯದಿಂದ ದೇವಾಲಯಗಳು ಮುಚ್ಚಿದ್ದಾಗ ಗುರುಗಳು ಬರಿಯ ಪೀಠಗಳ ಮುಂದೆ ಪೂಜೆಯನ್ನು ಅರ್ಪಿಸಿದರು. ಜನರು ಮನೆಗಳಲ್ಲಿ ಯಂತ್ರದ ಮುಂದೆ ಕುಳಿತು ನೋಡಿದರು. ಬೋಧನೆಯು ಕೇಳಿಸಿತು, ಗಾಯನವೂ ಕೇಳಿಸಿತು. ಪರಮಪ್ರಸಾದವನ್ನು ಮಾತ್ರ ಯಂತ್ರವು ತಂದುಕೊಡಲಿಲ್ಲ.