ಸೌದೆ ಸೀಳುವ ಯಂತ್ರ

ಸೌದೆ ಸೀಳುವ ಯಂತ್ರವು ಗರಗಸದಿಂದ ತುಂಡರಿಸಿದ ಮರದ ಕೊರಡುಗಳನ್ನು ನಾರಿನ ಗುಂಟ ಸೀಳಿ, ಉರುವಲಿಗೆ ಅನುಕೂಲವಾದ ಗಾತ್ರಕ್ಕೆ ತರುವ ಸಾಧನ. ಕೊಡಲಿಯಿಂದ ಅಥವಾ ಬೆಣೆ ಮತ್ತು ಸುತ್ತಿಗೆಯಿಂದ ಮಾಡುವ ಕೆಲಸವನ್ನು ಇದು ವಿದ್ಯುತ್ ಮೋಟಾರು, ಪೆಟ್ರೋಲ್ ಎಂಜಿನ್ ಅಥವಾ ಟ್ರ್ಯಾಕ್ಟರಿನ ಶಕ್ತಿಯಿಂದ ನೆರವೇರಿಸುತ್ತದೆ. ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡಲು ಸೌದೆ ಉರಿಸುವ ಉತ್ತರ ಅಮೆರಿಕ ಮತ್ತು ಯುರೋಪಿನ ಗ್ರಾಮೀಣ ಪ್ರದೇಶಗಳಲ್ಲಿ ಇದರ ಬಳಕೆ ಹೆಚ್ಚು. ತೊಗಟೆಯು ಮರದೊಳಗಿನ ತೇವವನ್ನು ಸುಲಭವಾಗಿ ಹೊರಬಿಡುವುದಿಲ್ಲ. ಸೀಳಿದಾಗ ಒಳಭಾಗವು ಗಾಳಿಗೆ ತೆರೆದುಕೊಳ್ಳುವುದರಿಂದ ಸೌದೆ ಬೇಗ ಒಣಗಿ, ಕಡಿಮೆ ಹೊಗೆಯೊಡನೆ ಉರಿಯುತ್ತದೆ.

ವಿಧಗಳು

ಹೈಡ್ರಾಲಿಕ್ ಯಂತ್ರ: ಪಂಪು ಒತ್ತಡದಲ್ಲಿ ಕಳುಹಿಸುವ ಎಣ್ಣೆಯು ಸಿಲಿಂಡರಿನೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಕೊರಡನ್ನು ಸ್ಥಿರವಾದ ಬೆಣೆಯ ಮೇಲೆ ಒತ್ತುತ್ತದೆ, ಅಥವಾ ಬೆಣೆಯನ್ನೇ ಕೊರಡಿನೊಳಗೆ ನುಗ್ಗಿಸುತ್ತದೆ. ಹೆಚ್ಚು ಪ್ರಚಲಿತವಾದದ್ದು ಈ ವಿಧ.

ಗತಿಚಕ್ರದ ಯಂತ್ರ: ವೇಗವಾಗಿ ತಿರುಗುವ ಭಾರದ ಚಕ್ರಗಳಲ್ಲಿ ಸಂಗ್ರಹವಾದ ಶಕ್ತಿಯು ಹಲ್ಲುಪಟ್ಟಿಯ ಮೂಲಕ ಕೊರಡಿನ ಮೇಲೆ ಒಮ್ಮೆಲೇ ಪ್ರಯೋಗವಾಗುತ್ತದೆ. ಕೆಲಸ ಬಹಳ ಶೀಘ್ರ. ಆದರೆ ಗಂಟುಗಳಿರುವ ಮರದಲ್ಲಿ ಚಲನೆ ನಡುವೆಯೇ ನಿಂತುಹೋಗಬಹುದು.

ತಿರುಪಿನ ಯಂತ್ರ: ತಿರುಗುವ ಶಂಕುವಿನಾಕಾರದ ತಿರುಪು ಮರದೊಳಗೆ ಕೊರೆಯುತ್ತಾ ಹೋಗಿ ಅದನ್ನು ಸೀಳುತ್ತದೆ. ರಚನೆ ಸರಳವಾದರೂ ಬಟ್ಟೆ ಅಥವಾ ಕೈಗವಸು ತಿರುಪಿಗೆ ಸುತ್ತಿಕೊಳ್ಳುವ ಮತ್ತು ಕೊರಡೇ ತಿರುಗಿಬಿಡುವ ಅಪಾಯವಿದೆ.

ಬಲ, ವೇಗ ಮತ್ತು ಶಕ್ತಿಯ ಲೆಕ್ಕ

ಹೈಡ್ರಾಲಿಕ್ ಯಂತ್ರಗಳನ್ನು ಸಾಮಾನ್ಯವಾಗಿ ಅವುಗಳ ಬಲವನ್ನು ಸೂಚಿಸುವ ‘ಟನ್’ ಸಂಖ್ಯೆಯಿಂದ ಗುರುತಿಸಲಾಗುತ್ತದೆ. ಆದರೆ ಈ ಸಂಖ್ಯೆಯೊಂದರಿಂದಲೇ ಯಂತ್ರದ ಸಾಮರ್ಥ್ಯ ತಿಳಿಯುವುದಿಲ್ಲ. ಬಲವನ್ನು ನಿರ್ಧರಿಸುವುದು ಎಣ್ಣೆಯ ಒತ್ತಡ ಮತ್ತು ಪಿಸ್ಟನ್ನಿನ ವಿಸ್ತೀರ್ಣ. ವೇಗವನ್ನು ನಿರ್ಧರಿಸುವುದು ಪಂಪಿನ ಹರಿವು.

ಉದಾಹರಣೆಗೆ, 100 ಮಿ.ಮೀ. ವ್ಯಾಸದ ಪಿಸ್ಟನ್ನಿನ ವಿಸ್ತೀರ್ಣ 78.5 ಚದರ ಸೆಂ.ಮೀ. ಒಂದು ಬಾರ್ ಒತ್ತಡವೆಂದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 1.02 ಕಿಲೋಗ್ರಾಂ ತೂಕದಷ್ಟು ಬಲ. ಆದ್ದರಿಂದ 200 ಬಾರ್ ಒತ್ತಡದಲ್ಲಿ ದೊರೆಯುವ ಬಲ ಸುಮಾರು 16 ಟನ್. ಪಂಪು ನಿಮಿಷಕ್ಕೆ 40 ಲೀಟರ್ ಎಣ್ಣೆ ಒದಗಿಸಿದರೆ ಪಿಸ್ಟನ್ 60 ಸೆಂ.ಮೀ. ಸಾಗಲು ಸುಮಾರು 7 ಸೆಕೆಂಡು ಬೇಕು. 10 ಲೀಟರ್ ಒದಗಿಸಿದರೆ 28 ಸೆಕೆಂಡು. ಎರಡು ಸಂದರ್ಭಗಳಲ್ಲಿಯೂ ಬಲ 16 ಟನ್ನೇ ಆಗಿರುತ್ತದೆ.

ಬೇಕಾಗುವ ಶಕ್ತಿಯನ್ನು ಕಿಲೋವ್ಯಾಟ್‌ಗಳಲ್ಲಿ ಪಡೆಯಲು ಬಾರ್‌ಗಳಲ್ಲಿನ ಒತ್ತಡವನ್ನು ನಿಮಿಷಕ್ಕೆ ಲೀಟರ್‌ಗಳಲ್ಲಿನ ಹರಿವಿನಿಂದ ಗುಣಿಸಿ 600ರಿಂದ ಭಾಗಿಸಬೇಕು. 200 ಬಾರ್ ಒತ್ತಡದಲ್ಲಿ 40 ಲೀಟರ್ ಹರಿವಿಗೆ 13.3 ಕಿಲೋವ್ಯಾಟ್ ಬೇಕು. 10 ಲೀಟರ್ ಹರಿವಿಗೆ 3.3 ಕಿಲೋವ್ಯಾಟ್ ಸಾಕು. ಪಂಪಿನಲ್ಲಾಗುವ ನಷ್ಟವನ್ನು ಇದಕ್ಕೆ ಸೇರಿಸಿಕೊಳ್ಳಬೇಕು.

ಎರಡು ಹಂತದ ಪಂಪು ಈ ತೊಡಕಿಗೆ ಪರಿಹಾರ. ಪಿಸ್ಟನ್ ಕೊರಡನ್ನು ಮುಟ್ಟುವವರೆಗೆ ಇದು ಕಡಿಮೆ ಒತ್ತಡದಲ್ಲಿ ಹೆಚ್ಚು ಎಣ್ಣೆಯನ್ನು ಹರಿಸುತ್ತದೆ. ಮರ ಪ್ರತಿರೋಧಿಸಿದಾಗ ತಾನಾಗಿಯೇ ಹರಿವನ್ನು ಇಳಿಸಿ ಒತ್ತಡವನ್ನು ಏರಿಸುತ್ತದೆ. ಹೀಗೆ ಚಿಕ್ಕ ಎಂಜಿನ್ನಿನಿಂದಲೇ ವೇಗ ಮತ್ತು ಬಲ ಎರಡನ್ನೂ ಪಡೆಯಬಹುದು.

ಆಯ್ಕೆ

ನೇರ ನಾರಿನ, ಸಣ್ಣ ವ್ಯಾಸದ ಕೊರಡುಗಳಿಗೆ 5ರಿಂದ 7 ಟನ್ನಿನ ವಿದ್ಯುತ್ ಯಂತ್ರ ಸಾಕಾಗುತ್ತದೆ. ಗಂಟುಗಳಿರುವ, ಹೆಣೆದುಕೊಂಡ ನಾರಿನ ಮರಗಳಿಗೆ ಹೆಚ್ಚಿನ ಬಲ ಬೇಕು. ಕರ್ನಾಟಕದ ಮಲೆನಾಡಿನಲ್ಲಿ ಅಡಿಕೆ ಬೇಯಿಸಲು, ಹುಣಸೂರು ಮತ್ತು ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪು ಹದಗೊಳಿಸಲು ಸೌದೆ ಬಳಕೆಯಾಗುತ್ತದೆ. ಇಂತಹ ಕೆಲಸಕ್ಕೆ ದೊಡ್ಡ ಮೋಟಾರಿನ ಯಂತ್ರವನ್ನು ಆರಿಸುವವರು ಮೂರು ಫೇಸ್ ವಿದ್ಯುತ್ ಲಭ್ಯತೆಯನ್ನು ಗಮನಿಸಬೇಕು. ಟ್ರ್ಯಾಕ್ಟರ್ ಇರುವಲ್ಲಿ ಅದರ ಶಕ್ತಿಯಿಂದ ನಡೆಯುವ ಯಂತ್ರಕ್ಕೆ ಪ್ರತ್ಯೇಕ ಎಂಜಿನ್ ಬೇಕಿಲ್ಲ.

ನಿರ್ಮಾಣ

ಯಂತ್ರವನ್ನು ಸ್ವಂತವಾಗಿ ನಿರ್ಮಿಸುವಾಗ ಮೊದಲು ಪರಿಗಣಿಸಬೇಕಾದುದು ತೊಲೆಯ ದೃಢತೆ. ಸಿಲಿಂಡರಿನ ಬಲವು ತೊಲೆಯ ಮಧ್ಯರೇಖೆಯಿಂದ ಮೇಲೆ ಬೀಳುವುದರಿಂದ ತೊಲೆ ಬಾಗಲು ಯತ್ನಿಸುತ್ತದೆ. ತುದಿಯ ಫಲಕದ ಬೆಸುಗೆಯೂ ಪೂರ್ಣ ಬಲವನ್ನು ತಡೆಯಬೇಕು. ಒತ್ತಡವನ್ನು ಮಿತಿಯಲ್ಲಿಡುವ ಕವಾಟ ಕಡ್ಡಾಯ. ಪಂಪು, ಕೊಳವೆ, ಸಿಲಿಂಡರುಗಳಲ್ಲಿ ಅತಿ ಕಡಿಮೆ ಒತ್ತಡ ತಾಳುವ ಭಾಗದ ಮಿತಿಯನ್ನು ಮೀರದಂತೆ ಅದನ್ನು ಹೊಂದಿಸಬೇಕು.

ಟ್ಯಾಂಕಿನಿಂದ ಪಂಪಿಗೆ ಎಣ್ಣೆ ಸಾಗಿಸುವ ಕೊಳವೆ ಅಗಲವಾಗಿರಬೇಕು. ಇಲ್ಲವಾದರೆ ಪಂಪಿಗೆ ಎಣ್ಣೆ ಸಾಲದೆ ಅದು ಸವೆಯುತ್ತದೆ. ಪಿಸ್ಟನ್ ಹಿಂದಿರುಗುವಾಗ ಸಿಲಿಂಡರಿನಿಂದ ಹೊರಬರುವ ಎಣ್ಣೆಯ ಹರಿವು ಪಂಪಿನ ಹರಿವಿಗಿಂತ ಹೆಚ್ಚು. ಮೇಲಿನ ಉದಾಹರಣೆಯಲ್ಲಿ ದಂಡದ ವ್ಯಾಸ 50 ಮಿ.ಮೀ. ಇದ್ದರೆ, 40 ಲೀಟರಿಗೆ ಪ್ರತಿಯಾಗಿ ನಿಮಿಷಕ್ಕೆ ಸುಮಾರು 53 ಲೀಟರ್ ಹೊರಬರುತ್ತದೆ. ಹಿಂದಿರುಗುವ ಕೊಳವೆ ಮತ್ತು ಶೋಧಕಗಳನ್ನು ಈ ಹರಿವಿಗೆ ತಕ್ಕಂತೆ ಆರಿಸಬೇಕು.

ಸುರಕ್ಷತೆ

ಬೆಣೆ ಮತ್ತು ಕೊರಡಿನ ನಡುವೆ ಕೈ ಸಿಲುಕುವುದು ಈ ಯಂತ್ರದ ಮುಖ್ಯ ಅಪಾಯ. ಒಬ್ಬರು ಕೊರಡನ್ನು ಇಡುತ್ತಾ ಇನ್ನೊಬ್ಬರು ಸನ್ನೆಕೋಲು ಎಳೆಯುವ ಕ್ರಮದಲ್ಲಿ ಈ ಅಪಾಯ ಹೆಚ್ಚುತ್ತದೆ. ಎರಡನ್ನೂ ಒಬ್ಬರೇ ಮಾಡುವುದು ಕ್ಷೇಮ. ಬೆಣೆಯ ಯಂತ್ರಗಳಿಗೆ ಸಂಬಂಧಿಸಿದ ಯುರೋಪಿನ ಮಾನದಂಡ ಇಎನ್ 609-1. ಎರಡು ಕೈಗಳಿಂದ ಒಟ್ಟಿಗೆ ಹಿಡಿದಾಗ ಮಾತ್ರ ಚಲಿಸುವ ನಿಯಂತ್ರಣ ವ್ಯವಸ್ಥೆ ಯುರೋಪಿನ ಯಂತ್ರಗಳಲ್ಲಿ ಸಾಮಾನ್ಯ. ಇದರಲ್ಲಿ ಒಂದು ಕೈ ಬಿಟ್ಟರೂ ಪಿಸ್ಟನ್ನಿನ ಮುಂಚಲನೆ ನಿಲ್ಲುತ್ತದೆ. ಕೆಲಸದ ಅನುಕೂಲಕ್ಕಾಗಿ ಒಂದು ಹಿಡಿಯನ್ನು ಕಟ್ಟಿಹಾಕುವುದರಿಂದ ಈ ರಕ್ಷಣೆ ಸಂಪೂರ್ಣವಾಗಿ ಇಲ್ಲವಾಗುತ್ತದೆ.

ಕೊಳವೆಯ ಸೂಕ್ಷ್ಮ ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಬಲ್ಲದು. ಆದ್ದರಿಂದ ಸೋರಿಕೆಯನ್ನು ಕೈಯಿಂದ ತಡವಿ ಹುಡುಕದೆ ರಟ್ಟಿನ ತುಂಡಿನಿಂದ ಪರೀಕ್ಷಿಸಬೇಕು. ಇಂತಹ ಗಾಯ ಹೊರನೋಟಕ್ಕೆ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಯ ಚಿಕಿತ್ಸೆ ಅಗತ್ಯ; ತಡವಾದರೆ ಬೆರಳು ಅಥವಾ ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು.