ಅಧ್ಯಾಯ 5: ಮುಂಚಕ್ರದ ಭಾರ ಹೊತ್ತ ತಿರುಪು

ಹಳೆಯ ಕಾರು ಕೊಂಡವರ ಮನಸ್ಸು ಮೊದಲು ಓಡುವುದು ಬಣ್ಣದ ಕಡೆಗೆ, ಸೀಟಿನ ಹೊದಿಕೆಯ ಕಡೆಗೆ, ಹೊಳೆಯುವ ಬಂಪರಿನ ಕಡೆಗೆ. ಆದರೆ ಮೋರಿಸ್ ಮೈನರ್‌ನಂಥ ಕಾರಿನಲ್ಲಿ ಕೂತವರ ಜೀವ ಕಾಯುವುದು ಮುಂಚಕ್ರದ ಹಿಂದೆ ಕೆಸರು ಮೆತ್ತಿಕೊಂಡು ಕೂತಿರುವ ಒಂದು ಸಣ್ಣ ಲೋಹದ ತುಂಡು. ಅದರ ಹೆಸರು ಟ್ರನಿಯನ್. ಬಿಡಿಭಾಗದ ಪಟ್ಟಿ ಹಿಡಿದು ಅಂಗಡಿಗೆ ಹೋಗುವ ಮುಂಚೆ ಅದರ ಕೆಲಸವೇನೆಂದು ತಿಳಿದಿರಬೇಕು.

ಭಾರ ಸಾಗುವ ದಾರಿ

ಅಲೆಕ್ ಇಸಿಗೋನಿಸ್ ರೂಪಿಸಿದ ಮೈನರ್ ಜನರ ಕಣ್ಣಿಗೆ ಬಿದ್ದದ್ದು 1948ರಲ್ಲಿ, ಲಂಡನ್ನಿನ ಅರ್ಲ್ಸ್ ಕೋರ್ಟ್ ವಾಹನ ಪ್ರದರ್ಶನದಲ್ಲಿ. ಬ್ರಿಟನ್ನಿನಲ್ಲಿ ತಯಾರಿಕೆಯ ಸಂಖ್ಯೆ ಹತ್ತು ಲಕ್ಷದ ಗಡಿ ದಾಟಿದ ಮೊದಲ ಕಾರು ಇದೇ. ಇದರ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇಲ್ಲ. ಬದಲಿಗೆ ಕಾರಿನ ಉದ್ದಕ್ಕೆ ಮಲಗಿಸಿದ ಎರಡು ಉಕ್ಕಿನ ಸರಳುಗಳಿವೆ. ಚಕ್ರ ಗುಂಡಿಗೆ ಇಳಿದು ಏಳುವಾಗ ಈ ಟಾರ್ಷನ್ ಬಾರ್‌ಗಳು ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತವೆ. ನಮ್ಮ ಅಂಬಾಸಿಡರ್ ಕೂಡ ಈ ಮನೆತನದ್ದೇ. ಮೋರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿ 1957ರಿಂದ ಉತ್ತರಪಾರಾದಲ್ಲಿ ತಯಾರಾದ ಅದರ ಮುಂಭಾಗಕ್ಕೂ ಟಾರ್ಷನ್ ಬಾರ್‌ಗಳೇ ಆಧಾರ. ಹಾಗೆಂದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕ ಅಂಬಾಸಿಡರ್ ಭಾಗ ಮೈನರ್‌ಗೂ ಆದೀತು ಎಂದು ತರಬೇಡಿ. ತತ್ವ ಒಂದಾದ ಮಾತ್ರಕ್ಕೆ ಅಳತೆ ಒಂದಾಗುವುದಿಲ್ಲ.

ಚಕ್ರವನ್ನು ಹಿಡಿದು ನಿಂತಿರುವುದು ಸ್ವಿವೆಲ್ ಪಿನ್. ಅದರ ಎರಡೂ ತುದಿಗಳಲ್ಲಿ ಥ್ರೆಡ್ ಇದೆ, ಮೇಲೊಂದು ಕೆಳಗೊಂದು ಟ್ರನಿಯನ್ ಇದೆ. ಸ್ಟೀರಿಂಗ್ ತಿರುಗಿಸಿದಾಗ ಪಿನ್ ಈ ಟ್ರನಿಯನ್‌ಗಳೊಳಗೆ ತಿರುಪಿನ ಹಾಗೆ ತಿರುಗುತ್ತದೆ. ಕಾರಿನ ಆ ಮೂಲೆಯ ಭಾರವೆಲ್ಲ ಬೀಳುವುದು ಕೆಳಗಿನ ಟ್ರನಿಯನ್ನಿನ ಥ್ರೆಡ್ ಮೇಲೆ. ಗ್ರೀಸ್ ಒಣಗಿ, ಧೂಳು ನುಗ್ಗಿ ಥ್ರೆಡ್ ಸವೆದುಹೋದರೆ ಒಂದು ದಿನ ಪಿನ್ ಕಿತ್ತುಬರುತ್ತದೆ. ಚಕ್ರ ಅಡಿಗೆ ಮಡಚಿಕೊಂಡು ಕಾರಿನ ಮೂತಿ ನೆಲ ಕಚ್ಚುತ್ತದೆ. ನಿಧಾನವಾಗಿ ತಿರುಗುವಾಗ ಹೀಗಾದರೆ ಬದುಕಿದೆವು ಅನ್ನಬೇಕು, ಹೆದ್ದಾರಿಯಲ್ಲಾದರೆ ಹಾಗನ್ನಲು ನಾವಿರುತ್ತೇವೆಂಬ ಭರವಸೆಯಿಲ್ಲ.

ಕೊಳ್ಳುವ ಮುಂಚೆ ನೋಡಿ

ಮುಂಚಕ್ರವನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು ಭದ್ರಪಡಿಸಿ. ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಗ ಅಲುಗಾಟ ನಿಂತರೆ ದೋಷ ಚಕ್ರದ ಬೇರಿಂಗಿನದು, ನಿಲ್ಲದಿದ್ದರೆ ಟ್ರನಿಯನ್ ಅಥವಾ ಸಸ್ಪೆನ್ಷನ್ ಕೀಲುಗಳೊಳಗಿನ ಬುಷ್‌ನದು. ಇಷ್ಟು ಮಾಡಿದರೆ ಬೇಡದ ಭಾಗಕ್ಕೆ ಹಣ ಸುರಿಯುವುದು ತಪ್ಪುತ್ತದೆ.

ಕಾರಿನ ಮೂತಿ ತಗ್ಗಿದೆಯೆಂದು ಟಾರ್ಷನ್ ಬಾರ್ ಬದಲಿಸಲು ಹೊರಡುವವರಿದ್ದಾರೆ. ಸರಳನ್ನು ಮತ್ತೆ ಸರಿಯಾದ ಕೋನದಲ್ಲಿ ಕೂರಿಸಿದರೆ ಎಷ್ಟೋ ಸಲ ಎತ್ತರ ಮರಳುತ್ತದೆ. ಬಿಚ್ಚಿದಾಗ ಎಡಬಲಗಳ ಗುರುತು ಮಾಡಿಟ್ಟುಕೊಳ್ಳಿ. ಒಂದೇ ದಿಕ್ಕಿಗೆ ತಿರುಚಿ ಪಳಗಿದ ಸರಳನ್ನು ಆಚೆಬದಿಗೆ ಹಾಕಬಾರದು. ಅದರ ಮೈಮೇಲೆ ಗೀರೂ ಬೀಳಬಾರದು, ಉಕ್ಕಿನಲ್ಲಿ ಬಿರುಕು ಶುರುವಾಗುವುದು ಗೀರಿನಿಂದಲೇ.

ಏನನ್ನು ಆರಿಸಬೇಕು

ಟ್ರನಿಯನ್ ಮತ್ತು ಪಿನ್ ಒಂದಕ್ಕೊಂದು ಜೋಡಿ. ಸವೆದ ಪಿನ್ನಿಗೆ ಹೊಸ ಟ್ರನಿಯನ್ ತೊಡಿಸಿದರೆ ಸಡಿಲ ಸಡಿಲವಾಗಿಯೇ ಉಳಿಯುತ್ತದೆ, ದುಡ್ಡು ಮಾತ್ರ ಹೋಗುತ್ತದೆ. ಎಡಗಡೆಯದು ಬಲಗಡೆಗೆ ಆಗದು. ಆದ್ದರಿಂದ ಯಾವ ಬದಿಯದೆಂದು ಕೇಳಿಯೇ ತೆಗೆದುಕೊಳ್ಳಿ. ಹೊಸ ಭಾಗವನ್ನು ಅಂಗಡಿಯಲ್ಲೇ ಕೈಯಿಂದ ತಿರುಗಿಸಿ ನೋಡಿ. ಅದು ಎಲ್ಲೂ ಸಿಕ್ಕಿಕೊಳ್ಳಬಾರದು, ಗಡಗಡ ಆಡಲೂಬಾರದು. ಹೊಸದು ಎಂಬ ಒಂದೇ ಗುಣ ಸಾಲದು. ಒರಟಾಗಿ ಕೊರೆದ ಹೊಸ ಥ್ರೆಡ್‌ಗಿಂತ ಸವೆಯದೆ ಉಳಿದ ಹಳೆಯ ಪಿನ್ನನ್ನೇ ನಾನು ಆರಿಸಿಕೊಳ್ಳುತ್ತೇನೆ. ಧೂಳು ತಡೆಯುವ ರಬ್ಬರ್ ಸೀಲ್‌ಗಳನ್ನು ಮಾತ್ರ ಹೊಸದನ್ನೇ ಹಾಕಿ.

ಬುಷ್‌ಗಳಲ್ಲಿ ರಬ್ಬರ್ ಮತ್ತು ಪಾಲಿಯುರೆಥೇನ್ ಎರಡೂ ಸಿಗುತ್ತವೆ. ರಬ್ಬರ್ ಮೆತ್ತಗೆ, ಅದು ರಸ್ತೆಯ ಸದ್ದು ನುಂಗಿಕೊಳ್ಳುತ್ತದೆ, ಆದರೆ ಎಣ್ಣೆ ತಾಗಿದರೆ ಬೇಗ ಹಾಳಾಗುತ್ತದೆ. ಪಾಲಿಯುರೆಥೇನ್ ಗಟ್ಟಿ, ಬಾಳಿಕೆಯೂ ಹೆಚ್ಚು. ಅದರಿಂದ ಸ್ಟೀರಿಂಗ್ ಚುರುಕಾಗುತ್ತದೆ, ಜೊತೆಗೆ ರಸ್ತೆಯ ನಡುಕ ಕೈವರೆಗೂ ಬರುತ್ತದೆ. ಭಾನುವಾರದ ಸುತ್ತಾಟಕ್ಕಷ್ಟೇ ಕಾರು ಹೊರತೆಗೆಯುವವರಿಗೆ ರಬ್ಬರೇ ಹಿತ.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಮೈನರ್‌ನದು ಕೊಳವೆಯಾಕಾರದ್ದಲ್ಲ, ತೋಳಿನಂಥ ಸನ್ನೆಯಿರುವ ಹಳೆಯ ಬಗೆ. ಆ ತೋಳೇ ಸಸ್ಪೆನ್ಷನ್ನಿನ ಮೇಲಿನ ಕೈ ಕೂಡ. ಆದ್ದರಿಂದ ಅದನ್ನು ಕಿತ್ತೆಸೆದು ಬರೀ ಕೊಳವೆಯ ಶಾಕ್ ಹಾಕಲು ಬರುವುದಿಲ್ಲ. ಎಣ್ಣೆ ಸೋರುತ್ತಿದ್ದರೆ ಚೆನ್ನಾಗಿ ರಿಪೇರಿ ಮಾಡಿದ ಅದೇ ಬಗೆಯದನ್ನು ಹಾಕಿಸುವುದು ಸರಳ ದಾರಿ.

ಕೈಯಲ್ಲಿರುವ ಹಣ ಕಡಿಮೆಯಾದರೆ ಮೊದಲ ಪಾಲು ಕೆಳಗಿನ ಟ್ರನಿಯನ್ ಮತ್ತು ಪಿನ್ನಿಗೆ, ಆಮೇಲೆ ಬುಷ್‌ಗೆ, ಕೊನೆಗೆ ಶಾಕ್‌ಗೆ. ಜೋಡಣೆ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಅನಂತರ ಸುಮಾರು 1,600 ಕಿಲೋಮೀಟರಿಗೊಮ್ಮೆ ಚಕ್ರ ಎತ್ತಿ, ಟ್ರನಿಯನ್ನಿಗೆ ಗ್ರೀಸ್ ತುಂಬುವ ನಿಪ್ಪಲ್‌ಗೆ ಗ್ರೀಸ್ ಗನ್ ಹಿಡಿದು, ಹಳೆಯ ಕಪ್ಪು ಗ್ರೀಸ್ ಪೂರ್ತಿ ಹೊರಬಂದು ಹೊಸದು ಕಾಣುವವರೆಗೆ ಒತ್ತಿ. ಹತ್ತು ನಿಮಿಷದ ಈ ಕೆಲಸ ತಪ್ಪಿಸಿದರೆ, ಎಷ್ಟು ಒಳ್ಳೆಯ ಟ್ರನಿಯನ್ ತಂದು ಹಾಕಿದ್ದರೂ ಅದು ಹಳೆಯದರ ದಾರಿಯನ್ನೇ ಹಿಡಿಯುತ್ತದೆ.