ಹಲಗೆ ಮುರಿಯುವ ಮುನ್ನ ಕೈ ಕಲಿತಿರಬೇಕಾದದ್ದು

ಶಾಲೆಯ ಗ್ಯಾದರಿಂಗ್ ಇರಲಿ, ಆಗಸ್ಟ್ 15ರ ಮೈದಾನವಿರಲಿ, ಕರಾಟೆ ಪ್ರದರ್ಶನವೆಂದರೆ ಜನ ಕಾಯುವುದು ಹಲಗೆಯೋ ಹೆಂಚೋ ಎರಡಾಗುವ ಗಳಿಗೆಗೆ. ವಿಜಯಪುರದ ಸೊಲ್ಲಾಪುರ ರಸ್ತೆಯ ಬಡಾವಣೆಗಳಲ್ಲಿ, ತಿಕೋಟಾ, ಬಬಲೇಶ್ವರದ ಕಡೆಯ ಶಾಲೆಗಳಲ್ಲಿ ಮಕ್ಕಳು ಕರಾಟೆ, ಟೇಕ್ವಾಂಡೊ ಕಲಿಯುತ್ತಾರೆ. ವಸತಿ ಶಾಲೆಯ ಹೆಣ್ಣುಮಕ್ಕಳಿಗೆ ಓಬವ್ವನ ಹೆಸರಿನಲ್ಲಿ ಸರ್ಕಾರವೇ ಆತ್ಮರಕ್ಷಣೆಯ ತರಬೇತಿ ಕೊಡಿಸಿದೆ. ‘ಅವ್ವಾ, ಈ ಸಲ ಸ್ಟೇಜ್ ಮ್ಯಾಲ ಹಲಗಿ ಮುರೀತೀನಿ’ ಎಂದು ಮಗಳು ಬಂದು ಹೇಳಿದರೆ ಮನೆಯವರಿಗೆ ಹೆಮ್ಮೆಯೂ ಆಗುತ್ತದೆ, ಕೈ ಏನಾದೀತೋ ಎಂಬ ಹೆದರಿಕೆಯೂ ಆಗುತ್ತದೆ. ಎರಡಕ್ಕೂ ಕಾರಣವಿದೆ.

ಹಲಗೆ ಮುರಿಯುವುದು ಹೇಗೆಂದು ಮೊದಲು ನೋಡೋಣ. ಎರಡು ಅಂಚಿನಲ್ಲಿ ಆಧಾರ ಕೊಟ್ಟ ಹಲಗೆಯ ನಡುವೆ ಏಟು ಬಿದ್ದಾಗ ಅದು ಬಾಗುತ್ತದೆ. ಏಟು ಬಿದ್ದ ಮೈ ಒತ್ತಿಕೊಳ್ಳುತ್ತದೆ, ಹಿಂದಿನ ಮೈ ಹಿಗ್ಗುತ್ತದೆ. ಹಿಗ್ಗುವ ಮಿತಿ ಮೀರಿದೊಡನೆ ಬಿರುಕು ಹಿಂದಿನಿಂದ ಹುಟ್ಟಿ ಮುಂದಕ್ಕೆ ಓಡುತ್ತದೆ. ಕಟ್ಟಿಗೆ ಎಳೆಯ ಗುಂಟ ಸುಲಭವಾಗಿ ಸೀಳುತ್ತದೆ, ಎಳೆಗೆ ಅಡ್ಡಲಾಗಿ ಅದನ್ನು ಮುರಿಯುವುದು ಬಹುಮಟ್ಟಿಗೆ ಆಗದ ಮಾತು. ಹಾಗಾಗಿ ಎಳೆಗಳು ಆಧಾರದ ಅಂಚಿಗೆ ಸಮಾಂತರವಾಗಿರುವಂತೆ ಹಲಗೆ ಇಡುತ್ತಾರೆ. ಇದನ್ನು ತಿರುವುಮುರುವು ಇಟ್ಟರೆ ಪಳಗಿದವರ ಕೈಯೂ ನೋಯುತ್ತದೆ.

ಈ ವಿದ್ಯೆಯನ್ನು ಪ್ರಯೋಗಾಲಯದಲ್ಲಿ ಅಳೆದವರಿದ್ದಾರೆ. ಮೈಕೆಲ್ ಫೆಲ್ಡ್, ರೊನಾಲ್ಡ್ ಮೆಕ್‌ನೇರ್, ಸ್ಟೀಫನ್ ವಿಲ್ಕ್ ಎಂಬ ಮೂವರು ಅತಿವೇಗದ ಛಾಯಾಚಿತ್ರಗಳಿಂದ ಏಟನ್ನು ಅಳೆದು, 1979ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬರೆದರು. ಮೆಕ್‌ನೇರ್ ಸ್ವತಃ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದ ಭೌತವಿಜ್ಞಾನಿ. ಮುಂದೆ ಗಗನಯಾತ್ರಿಯಾಗಿ 1986ರ ಚಾಲೆಂಜರ್ ದುರಂತದಲ್ಲಿ ತೀರಿಕೊಂಡರು. ಪಳಗಿದವರ ಕೈ ಸೆಕೆಂಡಿಗೆ 10ರಿಂದ 14 ಮೀಟರ್ ವೇಗ ಮುಟ್ಟುತ್ತದೆ, ಹೊಸಬರದು 6 ಮೀಟರ್ ಆಸುಪಾಸು. ಅಭ್ಯಾಸದ ಒಂದು ಪೈನ್ ಹಲಗೆ ಮುರಿಯಲು ಎಷ್ಟು ವೇಗ ಬೇಕು? ಭೌತವಿಜ್ಞಾನದ ಪಠ್ಯಪುಸ್ತಕಗಳ ಲೆಕ್ಕದಲ್ಲಿ ಹಲಗೆ ಸುಮಾರು 16 ಮಿಲಿಮೀಟರ್ ಬಾಗಿ, 650 ನ್ಯೂಟನ್‌ನಷ್ಟು ಬಲಕ್ಕೆ ಒಡೆಯುತ್ತದೆ. ಅದಕ್ಕೆ ಸೆಕೆಂಡಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚಿನ ವೇಗ ಸಾಕು.

ಅಂದರೆ ಬೇಕಾದ ವೇಗ ಹೊಸಬರ ಕೈಯಲ್ಲೂ ಇದೆ. ಆದರೂ ಎಷ್ಟೋ ಮಂದಿಗೆ ಹಲಗೆ ಒಡೆಯುವುದಿಲ್ಲ. ಯಾಕೆಂದರೆ ಹಲಗೆಯ ಹತ್ತಿರ ಬರುತ್ತಲೇ ಕೈ ತಾನಾಗಿ ಹಿಂಜರಿಯುತ್ತದೆ. ಕಣ್ಣು ಹಲಗೆಯ ಮೈಮೇಲೆ ನಿಂತಿರುತ್ತದೆ, ಕೈಯೂ ಅಲ್ಲೇ ನಿಲ್ಲಲು ನೋಡುತ್ತದೆ. ತರಬೇತಿಯಲ್ಲಿ ಹಲಗೆಯ ನಿಜವಾದ ಕೆಲಸ ಇದನ್ನು ತೋರಿಸಿಕೊಡುವುದು. ಗಾಳಿಯಲ್ಲಿ ಸಾವಿರ ಏಟು ಹಾಕಿದರೂ ಹಿಂಜರಿಕೆ ಕಾಣದು. ಎದುರಾಳಿಯ ಜೊತೆಗಿನ ಅಭ್ಯಾಸದಲ್ಲಿ ಪೂರ್ತಿ ಬಲ ಹಾಕುವಂತಿಲ್ಲ. ಹಲಗೆಯ ಮುಂದೆ ಮಾತ್ರ ಏಟು ಸರಿಯಿತ್ತೋ ಇಲ್ಲವೋ ಆ ಕ್ಷಣವೇ ಗೊತ್ತಾಗುತ್ತದೆ. ಗುರಿ ಹಲಗೆಯ ಆಚೆ ಒಂದು ಗೇಣು ದೂರದಲ್ಲಿ ಇರಬೇಕು ಎನ್ನುವುದು ಇದಕ್ಕೇ. ನಿಲ್ಲುವ ದೂರವೂ ಮುಖ್ಯ: ತೋಳು ಮುಕ್ಕಾಲು ಭಾಗ ಚಾಚಿದಾಗ ಕೈಯ ವೇಗ ಅತಿ ಹೆಚ್ಚು, ಪೂರ್ತಿ ಚಾಚುವಷ್ಟರಲ್ಲಿ ಅದು ಇಳಿದಿರುತ್ತದೆ. ತೀರ ದೂರ ನಿಂತವರ ಏಟು ಬರೀ ಸದ್ದು ಮಾಡುತ್ತದೆ.

ಒಡೆಯದ ಹಲಗೆಯೇ ಹೆಚ್ಚು ನೋಯಿಸುತ್ತದೆ. ಮುರಿದರೆ ಕೈ ದಾಟಿ ಹೋಗುತ್ತದೆ. ಮುರಿಯದಿದ್ದರೆ ಏಟಿನ ಬಲವೆಲ್ಲ ಕೈಗೇ ತಿರುಗಿ ಬರುತ್ತದೆ. ಎಲುಬು ಕಾಂಕ್ರೀಟಿಗಿಂತ ಎಷ್ಟೋ ಪಟ್ಟು ಗಟ್ಟಿ, ನಿಜ. ಆದರೆ ಮುಷ್ಟಿ ಒಂದೇ ಎಲುಬಲ್ಲ. ತೋರುಬೆರಳು, ನಡುಬೆರಳಿನ ಗೆಣ್ಣುಗಳು ಮಣಿಕಟ್ಟಿನ ನೇರಕ್ಕೆ ಬಂದು ತಾಗಬೇಕು. ಅದು ತಪ್ಪಿ ಕಿರುಬೆರಳ ಕಡೆ ಏಟು ಬಿದ್ದರೆ ಆ ಬೆರಳ ಬುಡದ ಸಣ್ಣ ಎಲುಬು ಮುರಿಯುತ್ತದೆ. ಹಾಗಾಗಿ ಶುರುಮಾಡುವವರಿಗೆ ಮುಷ್ಟಿ ಬೇಡ. ಹಿಮ್ಮಡಿಯ ಒದೆತ, ಅಂಗೈಯ ಬುಡದ ಏಟು ಸುರಕ್ಷಿತ.

ಮಕ್ಕಳ ವಿಷಯ ಬೇರೆಯೇ. ಅವರ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಮೃದುಪದರ ಇರುತ್ತದೆ. ಅದು ಗಟ್ಟಿಯಾಗಲು ಹರೆಯ ಮುಗಿಯುತ್ತ ಬರಬೇಕು. ಅಲ್ಲಿಗೆ ಪೆಟ್ಟಾದರೆ ಎಲುಬು ಸೊಟ್ಟಾಗಿ ಬೆಳೆಯಬಹುದು. ಹತ್ತು ವರ್ಷದ ಮಗುವಿನ ಮುಷ್ಟಿಯಿಂದ ಹೆಂಚು ಒಡೆಸುವುದನ್ನು ನಾನು ಒಪ್ಪಲಾರೆ. ಮುರಿದ ಮೇಲೆ ಮತ್ತೆ ಜೋಡಿಸಬಹುದಾದ ಪ್ಲಾಸ್ಟಿಕ್ ಹಲಗೆಗಳು ಬಂದಿವೆ. ಮಕ್ಕಳು ಅವುಗಳಲ್ಲಿ ತೆಳ್ಳಗಿನದನ್ನು ಕಾಲಿನಿಂದ ಮುರಿಯಲಿ.

ವಸ್ತುವಿನ ಆಯ್ಕೆಯಲ್ಲೇ ಅರ್ಧ ಅಪಾಯ ಅಡಗಿದೆ. ನಮ್ಮ ಸೀಮೆಯಲ್ಲಿ ಸುಲಭವಾಗಿ ಸಿಗುವ ಜಾಲಿ ಒಕ್ಕಲುತನದ ಸಾಮಾನಿಗೆ ಹೇಳಿ ಮಾಡಿಸಿದ ಗಟ್ಟಿ ಮರ. ಅದು ಬೇಡ, ಬೇವೂ ಬೇಡ. ಪ್ಯಾಕಿಂಗ್ ಪೆಟ್ಟಿಗೆಗೆ ಬಳಸುವ ಪೈನ್ ಹಗುರ. ಗಂಟಿಲ್ಲದ, ಮೊಳೆಯಿಲ್ಲದ, ಒಣಗಿದ ತುಂಡನ್ನು ಆರಿಸಬೇಕು. ಹಸಿ ಕಟ್ಟಿಗೆ ಬಳುಕುತ್ತದೆಯೇ ಹೊರತು ಒಡೆಯುವುದಿಲ್ಲ. ಮಂಗಳೂರು ಹೆಂಚು ಹಲಗೆಗಿಂತ ಪೆಡಸು, ಒಡೆದ ಅಂಚು ಚರ್ಮ ಕೊಯ್ಯುತ್ತದೆ, ಚೂರು ಕಣ್ಣಿಗೆ ಸಿಡಿಯುತ್ತದೆ. ಫರ್ಸಿ ಕಲ್ಲಿನ ಗೊಡವೆಯಂತೂ ಬೇಡವೇ ಬೇಡ. ಕಾಂಕ್ರೀಟ್ ಬಿಲ್ಲೆ ಬಾಗುವುದು ಒಂದು ಮಿಲಿಮೀಟರಿನ ಆಸುಪಾಸು, ಅದಕ್ಕೆ ಬೇಕಾದ ಬಲ 2,900 ನ್ಯೂಟನ್‌ನ ಹತ್ತಿರ. ಕಲ್ಲೂ ಅದೇ ಜಾತಿಯದು.

ವೇದಿಕೆಯ ಮೇಲೆ ಹತ್ತು ಹೆಂಚು ಪೇರಿಸಿ ಒಡೆಯುವಾಗ ನಡುವೆ ಸಣ್ಣ ಕಡ್ಡಿ ಇಟ್ಟು ಸಂದು ಬಿಟ್ಟಿರುತ್ತಾರೆ. ಮೇಲಿನದು ಮುರಿದು ಕೆಳಗಿನದರ ಮೇಲೆ ಬೀಳುತ್ತದೆ, ಒಂದೊಂದಾಗಿ ಒಡೆಯುತ್ತವೆ. ಸಂದಿಲ್ಲದೆ ಪೇರಿಸಿದ್ದು ಬೇರೆಯೇ ಮಟ್ಟದ ಕೆಲಸ.

ಹಲಗೆ ಹಿಡಿಯುವವರಿಗೂ ತರಬೇತಿ ಬೇಕು. ಅವರ ಕೈ ಹಿಂದೆ ಸರಿದರೆ ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ. ಇಬ್ಬರು ಹಿಡಿಯಲಿ, ಮೊಣಕೈ ಬಿಗಿಯಿರಲಿ, ಬೆರಳು ಅಂಚಿಗೆ ಮಾತ್ರ ಇರಲಿ, ಮುಖ ಪಕ್ಕಕ್ಕೆ ತಿರುಗಿರಲಿ.

ಇನ್ನು ತರಬೇತಿಯಲ್ಲಿ ಹಲಗೆ ಮುರಿಯುವುದರ ಜಾಗ. ಮಾಸ್ ಒಯಾಮಾ ಕಟ್ಟಿದ ಕ್ಯೋಕುಶಿನ್ ಕರಾಟೆ ಪಂಥದ ದೊಡ್ಡ ಪಂದ್ಯಗಳಲ್ಲಿ ಸೆಣಸಾಟ ಸಮವಾದರೆ ಮುರಿದ ಹಲಗೆಗಳ ಲೆಕ್ಕ ಗೆಲುವನ್ನು ತೀರ್ಮಾನಿಸುವುದುಂಟು. ಆದರೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಕರಾಟೆ ಸ್ಪರ್ಧೆಯಲ್ಲಿ ಹಲಗೆಯೇ ಇರಲಿಲ್ಲ. ನಮ್ಮ ಗರಡಿಯವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ: ಸಂಗ್ರಾಣಿ ಕಲ್ಲು ಎತ್ತುವುದು ಜಾತ್ರೆಯ ದಿನ, ಮೈ ಕಟ್ಟುವುದು ವರ್ಷವಿಡೀ ತಾಲೀಮಿನ ದಂಡ, ಬೈಠಕ್, ಮಣ್ಣಿನ ಮೇಲಿನ ಪಟ್ಟು. ಹಲಗೆಯೂ ಹಾಗೆ, ಬೆಲ್ಟ್ ಪರೀಕ್ಷೆಗೆ ಸರಿ. ವಾರಕ್ಕೊಮ್ಮೆ ಹಲಗೆ ಒಡೆಸುವ ತರಗತಿ ನಿಲುವು, ಸೊಂಟದ ತಿರುವು, ತಪ್ಪಿಸಿಕೊಳ್ಳುವ ಹೆಜ್ಜೆಗಳ ಸಮಯವನ್ನು ತಿನ್ನುತ್ತಿದೆ. ಬೀದಿಯಲ್ಲಿ ಕೈ ಹಿಡಿದೆಳೆಯುವವನು ಹಲಗೆಯಂತೆ ಸುಮ್ಮನೆ ನಿಲ್ಲುವುದಿಲ್ಲ. ಆತ್ಮರಕ್ಷಣೆಗೆ ಬಂದ ಹುಡುಗಿಗೆ ಕೈ ಬಿಡಿಸಿಕೊಂಡು ಓಡುವುದು, ಕೂಗಿ ಜನ ಸೇರಿಸುವುದು ಮೊದಲ ಪಾಠವಾಗಬೇಕು.

ಮಕ್ಕಳನ್ನು ತರಗತಿಗೆ ಸೇರಿಸುವ ತಂದೆತಾಯಿ ಫೀ ಕೇಳುವುದರ ಜೊತೆಗೆ ಇದನ್ನೂ ಕೇಳಿ: ಎಷ್ಟನೇ ವಯಸ್ಸಿಗೆ, ಯಾವ ವಸ್ತುವನ್ನು, ಕೈಯ ಯಾವ ಭಾಗದಿಂದ ಮುರಿಸುತ್ತೀರಿ? ಕೈ ಊದಿಕೊಂಡು ಮಗು ಮನೆಗೆ ಬಂದರೆ ತಿಕ್ಕುವುದು, ಎಳೆಯುವುದು ಮಾಡಬೇಡಿ. ಅದೇ ದಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ಮಾಡಿಸಿ.